ನಿಮಗಿದು ಗೊತ್ತೆ? ಬಾಗಿಲಿಗೆ ಬರುವ ಜೋಕುಮಾರ

ಅಕ್ಟೋಬರ್ 31ರ ಇರುಳು ಪಾಶ್ಚಾತ್ಯ ಮಕ್ಕಳು ಪ್ರೇತವೇಷ ತೊಟ್ಟು ಮನೆಮನೆಯಲ್ಲಿ ಸಿಹಿ ಬೇಡುವ ಹ್ಯಾಲೋವೀನ್ ಆಚರಣೆಯಲ್ಲಿ, ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯ ಪ್ರಾಚೀನ ಕೆಲ್ಟ್ ಹಬ್ಬವೂ, ಮೃತಾತ್ಮಗಳಿಗಾಗಿ ಪ್ರಾರ್ಥಿಸುವೆವೆಂದು ಬಡವರು ರೊಟ್ಟಿ ಬೇಡುತ್ತಿದ್ದ ಮಧ್ಯಯುಗದ ಕ್ರೈಸ್ತ ಪದ್ಧತಿಯೂ ಬೆರೆತಿವೆಯೆನ್ನುತ್ತಾರೆ. ಈ ಹಬ್ಬದ ಕುಂಬಳದ ದೀಪವಾದರೋ ಅಮೆರಿಕೆಗೆ ವಲಸೆಹೋದ ಐರಿಷರು ಟರ್ನಿಪ್ ಗಡ್ಡೆಗೆ ಬದಲಾಗಿ ಕಂಡುಕೊಂಡದ್ದು.

ಹೀಗೆ ಮನೆಬಾಗಿಲಿಗೆ ಬರುವ ಅತಿಥಿಗಾಗಿ ಗದಗ ಜಿಲ್ಲೆಯ ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಭಾದ್ರಪದ ಶುದ್ಧ ಅಷ್ಟಮಿಯಂದು ಜನಿಸಿ, ಏಳೇ ದಿನ ಬಾಳಿ, ಹುಣ್ಣಿಮೆಯ ರಾತ್ರಿ ಹತನಾಗುವ ಜೋಕುಮಾರನೆಂಬ ಜನಪದ ದೈವದ ಮಣ್ಣಿನ ಮೂರ್ತಿಯನ್ನು, ಬಾಯಿಗೆ ಬೆಣ್ಣೆ ಸವರಿ, ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳ್ಳಿರಿಸಿಕೊಂಡು, ಅಂಬಿಗ ಸಮುದಾಯದ ಹೆಂಗಳೆಯರು ಹಾಡುತ್ತ ಮನೆಮನೆಗೆ ಬರುವರು. ಮೊರದಲ್ಲಿ ಜೋಳ ನೀಡಿದ ಗೃಹಿಣಿಗೆ ಬೇವಿನೆಲೆಯೊಡನೆ ಮರಳಿ ದೊರೆಯುವ ನುಚ್ಚನ್ನು, ಪೈರು ಹುಲುಸಾಗಲೆಂದು ಹೊಲಕ್ಕೆ ಚೆಲ್ಲುವುದುಂಟು. ಹತನಾದ ಜೋಕುಮಾರನ ನರಳಾಟ ಅಲ್ಲಿ ಕೇಳಿಬರುವುದೆಂಬ ಭೀತಿಯಿಂದ ಅಗಸರು ಕೆಲದಿನ ಬಟ್ಟೆ ಒಗೆಯುವ ಹೊಳೆಯ ಬಂಡೆಯ ಕಡೆ ಸುಳಿಯರಂತೆ! ಆದರೂ ಅವನು ಕೇವಲ ಭಯದ ದೈವವಲ್ಲ. ಕಡುಬು ಉಂಡ ಗಣಪ್ಪನು ಭೂಲೋಕ ಸುಭಿಕ್ಷವೆಂದು ಕೈಲಾಸದಲ್ಲಿ ವರದಿಯೊಪ್ಪಿಸಿದರೆ, ಬಡವರ ಬವಣೆಯನ್ನು ಇದ್ದಂತೆಯೇ ಶಿವನಿಗೆ ಬಿನ್ನವಿಸಿ ಮಳೆ ತರಿಸುವವನು ಜೋಕುಮಾರನೇ ಎಂಬುದು ಒಕ್ಕಲಿಗರ ನಂಬಿಕೆ.