ಒಬ್ಬರ ಚಟ್ನಿಗೆ ಪುಟ್ಟ ಬ್ಲೆಂಡರ್ ಸಾಕೇ?

ಊರಿನಿಂದ ಮಿಕ್ಸಿ ಹೊತ್ತು ತರಬೇಕೇ, ಇಲ್ಲೇ ಒಂದು ಲೋಟದ ಬ್ಲೆಂಡರ್ ಕೊಳ್ಳಬೇಕೇ? ಗ್ರೋನಿಂಗನ್‌ಗೆ ಓದಲು, ಕೆಲಸಕ್ಕೆ ಬರುವ ಕನ್ನಡಿಗರಿಗೆ ಈ ಪ್ರಶ್ನೆ ಇದ್ದದ್ದೇ. ಇಲ್ಲಿನ ವಿದ್ಯುತ್ತೂ ಭಾರತದಂತೆ 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಊರಿನ ಮಿಕ್ಸಿಗೆ ಟ್ರಾನ್ಸ್‌ಫಾರ್ಮರ್ ಬೇಡ, ಅರ್ಥಿಂಗ್ ಇರುವ ಒಳ್ಳೆಯ ಅಡಾಪ್ಟರ್ ಸಾಕು. ತೊಂದರೆ ಸೂಟ್‌ಕೇಸಿನ ತೂಕದ್ದು.

ಇಲ್ಲೇ ಕೊಳ್ಳುವವರು ವ್ಯಾಟ್‌ಗಿಂತ ಮೊದಲು ಬ್ಲೇಡ್ ನೋಡಿ. ಮೇಲಕ್ಕೆ ಬಾಗಿದ ಬ್ಲೇಡ್ ಹಣ್ಣಿಗೆ, ಲಸ್ಸಿಗೆ, ತೆಳು ಚಟ್ನಿಗೆ ಸರಿ. ಸಾರಿನ ಪುಡಿಗೆ ಚಪ್ಪಟೆ ಬ್ಲೇಡ್ ಜೊತೆಗೆ ಬರುತ್ತದೆಯೇ ಎಂದು ಕೇಳಿ. ಲೋಟ ತಲೆಕೆಳಗಾಗುವ ಮಾದರಿಯಲ್ಲಿ ಕೊನೆಗೆ ಹಾಕಿದ್ದೇ ಬ್ಲೇಡಿಗೆ ಮೊದಲು ಸಿಗುತ್ತದೆ. ಆದ್ದರಿಂದ ಕಾಯಿ, ಕಡಲೆ ಮೊದಲು, ಸೊಪ್ಪು ಆಮೇಲೆ. ದೋಸೆ ಹಿಟ್ಟಿನ ಆಸೆ ಬಿಡಿ, ಪುಟ್ಟ ಮೋಟಾರು ಬೇಗ ಕಾಯುತ್ತದೆ.

ಮುಖ್ಯವಾದದ್ದು ಇದು: ಹುರಿದ ಮಸಾಲೆ, ಬೇಯಿಸಿದ ಟೊಮೇಟೊ ಪೂರ್ತಿ ಆರದೆ ಲೋಟ ಬಿಗಿಯಬೇಡಿ. ಹಬೆಗೆ ಹೊರಹೋಗಲು ದಾರಿಯಿಲ್ಲ. ಒತ್ತಡ ಏರಿ, ತೆರೆಯುವಾಗ ಮುಖಕ್ಕೆ ಸಿಡಿಯಬಹುದು. ಮಕ್ಕಳಿರುವ ಮನೆಯಲ್ಲಿ ಇನ್ನೂ ಜೋಪಾನ.

ಬೆಳಗಿನ ಆರಕ್ಕೆ ರುಬ್ಬಿದರೆ ಪಕ್ಕದ ಮನೆಯವರೂ ಏಳುತ್ತಾರೆ, ಯಂತ್ರ ಯಾವುದಾದರೂ ಸರಿ! ಯುರೋಪಿಯನ್ ಒಕ್ಕೂಟದಲ್ಲಿ ಅಂಗಡಿಯಿಂದ ಕೊಂಡ ಹೊಸ ವಸ್ತುವಿಗೆ ಕನಿಷ್ಠ 2 ವರ್ಷದ ಕಾನೂನು ಖಾತರಿ ಇದೆ. ರಶೀದಿ ಎತ್ತಿಡಿ.