ಹಾನಿಗೊಂಡ ಉಕ್ಕಿನ ಗರ್ಡರ್ ಸೇತುವೆಗಳು ಬೀಳದೆ ನಿಲ್ಲುವುದು ಹೇಗೆ?

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಭೀಮಾ ನದಿಯೂ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ತಾಲ್ಲೂಕುಗಳ ದಕ್ಷಿಣಕ್ಕೆ ಕೃಷ್ಣಾ ನದಿಯೂ ಹರಿಯುತ್ತವೆ. ನಡುವೆ ಡೋಣಿ ನದಿ ಇರುತ್ತದೆ. ಈ ಭಾಗದ ಸಂಚಾರವು ಸೇತುವೆಗಳನ್ನು ಎಷ್ಟು ಅವಲಂಬಿಸಿದೆ ಎಂಬುದು 2020ರ ಅಕ್ಟೋಬರ್ ತಿಂಗಳ ಭೀಮಾ ಮಹಾಪೂರದಲ್ಲಿ ಮತ್ತೊಮ್ಮೆ ಅನುಭವಕ್ಕೆ ಬಂದಿತು. ಇಲ್ಲಿನ ರಸ್ತೆ ಸೇತುವೆಗಳಲ್ಲಿ ಹೆಚ್ಚಿನವು ಕಾಂಕ್ರೀಟಿನವು. ಉಕ್ಕಿನ ಗರ್ಡರ್‌ಗಳನ್ನು ಮುಖ್ಯವಾಗಿ ರೈಲ್ವೆ ಸೇತುವೆಗಳಲ್ಲಿ ಹಾಗೂ ರೈಲು ಹಳಿಗಳ ಮೇಲೆ ಹಾಯುವ ರಸ್ತೆ ಸೇತುವೆಗಳಲ್ಲಿ ಬಳಸಲಾಗುತ್ತದೆ. ಹಾನಿಯಾದ ಸೇತುವೆಯ ಮೇಲೆ ಸಂಚಾರ ನಿಷೇಧಿಸಿದಾಗ, ಅದು ನಿಂತೇ ಇರುವಾಗ ಮುಚ್ಚುವುದೇಕೆ ಎಂದು ಸಾರ್ವಜನಿಕರು ಕೇಳುವುದು ಸಹಜ. ಉಕ್ಕಿನ ಸೇತುವೆಗಳಿಗೆ ಸಂಬಂಧಿಸಿದಂತೆ ಅದರ ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ಗರ್ಡರ್ ಎಂದರೆ ಕಂಬದಿಂದ ಕಂಬಕ್ಕೆ ಹಾಯ್ದು ಭಾರ ಹೊರುವ ತೊಲೆ. ನಾಲ್ಕೈದು ಗರ್ಡರ್‌ಗಳಿರುವ ಸೇತುವೆಯಲ್ಲಿ ಒಂದು ಸೀಳಿದರೆ, ಅದರ ಪಾಲಿನ ಭಾರವು ಮೇಲಿನ ಕಾಂಕ್ರೀಟ್ ಹಾಸು ಮತ್ತು ಅಡ್ಡಪಟ್ಟಿಗಳ ಮೂಲಕ ಪಕ್ಕದ ಗರ್ಡರ್‌ಗಳಿಗೆ ಸಾಗುತ್ತದೆ. ಈ ಬದಲಿ ಆಸರೆಯನ್ನು ಇಂಜಿನಿಯರುಗಳು ರಿಡಂಡೆನ್ಸಿ ಎನ್ನುತ್ತಾರೆ. ಸಹಕಾರಿ ಸಂಘದ ಸಾಲಕ್ಕೆ ಹಲವರು ಜಾಮೀನು ನಿಂತಂತೆ ಇದು: ಒಬ್ಬರು ಕೈಬಿಟ್ಟರೆ ಹೊರೆ ಉಳಿದವರ ಮೇಲೆ ಬೀಳುತ್ತದೆಯೇ ಹೊರತು ಸಾಲವೇನೂ ಕಡಿಮೆಯಾಗುವುದಿಲ್ಲ. ಗರ್ಡರ್ ಒಂದೇ ಅಂಕಣಕ್ಕೆ ಮುಗಿಯದೆ ಮುಂದಿನ ಅಂಕಣಕ್ಕೂ ಅಖಂಡವಾಗಿ ಸಾಗಿದ್ದರೆ ಅದೂ ಒಂದು ಆಸರೆ. ಇನ್ನು ಹಳೆಯ ರಿವೆಟ್ ಗರ್ಡರ್‌ಗಳನ್ನು ಹಲವು ಉಕ್ಕಿನ ಫಲಕಗಳನ್ನು ಕೂಡಿಸಿ ಮಾಡಲಾಗಿರುವುದರಿಂದ, ಒಂದು ಫಲಕದ ಬಿರುಕು ಅದರ ಅಂಚಿನಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ಬೆಸುಗೆಯ ಗರ್ಡರ್‌ನಲ್ಲಿ ಬಿರುಕಿಗೆ ಅಂತಹ ತಡೆ ಇರುವುದಿಲ್ಲ. ಹಳೆಯದೆಲ್ಲ ದುರ್ಬಲ ಎಂಬ ಅಭಿಪ್ರಾಯ ಈ ಒಂದು ವಿಷಯದಲ್ಲಿ ಸರಿಯಲ್ಲ.

ಆಸರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಯಾನಸ್ ನದಿ ಸೇತುವೆ ಉದಾಹರಣೆಯಾಗಿದೆ. ಅದಕ್ಕೆ ಇದ್ದುದು ಎರಡೇ ಗರ್ಡರ್. ಅಂಕಣವು ಪಿನ್ನು ಮತ್ತು ಉಕ್ಕಿನ ಪಟ್ಟಿಗಳಿಂದ ತೂಗುತ್ತಿತ್ತು. ಹಿಂದೊಮ್ಮೆ ರಸ್ತೆ ಕಾಮಗಾರಿಯಲ್ಲಿ ಮಳೆನೀರಿನ ಹೊರದಾರಿಗಳನ್ನು ಮುಚ್ಚಲಾಗಿತ್ತು. ನೀರು ಸಂದುಗಳಿಗೆ ಇಳಿದು ತುಕ್ಕು ಬೆಳೆಯಿತು. ತುಕ್ಕು ಪಟ್ಟಿಯನ್ನು ಪಿನ್ನಿನಿಂದ ಹೊರಕ್ಕೆ ತಳ್ಳಿತು. 1983ರ ಜೂನ್ 28ರಂದು ಸುಮಾರು 30 ಮೀಟರ್ ಉದ್ದದ ಅಂಕಣ ನದಿಗೆ ಬಿದ್ದು ಮೂವರು ಮೃತಪಟ್ಟರು.

ಅದೇ ದೇಶದ ಮಿಲ್ವಾಕೀ ನಗರದ ಹೋನ್ ಸೇತುವೆಯಲ್ಲಿ 2000ನೇ ಇಸವಿಯ ಡಿಸೆಂಬರ್ 13ರಂದು ಮೂರು ಗರ್ಡರ್‌ಗಳ ಪೈಕಿ ಎರಡು ಪೂರ್ಣವಾಗಿ ಸೀಳಿದವು, ಮೂರನೆಯದರಲ್ಲಿಯೂ ಬಿರುಕು ಬಿಟ್ಟಿತು. ರಸ್ತೆ ತಗ್ಗಿತು, ಆದರೆ ಬೀಳಲಿಲ್ಲ, ಜೀವಹಾನಿಯೂ ಆಗಲಿಲ್ಲ. ಆದಾಗ್ಯೂ ಸಂಚಾರವನ್ನು ಕೂಡಲೇ ನಿಲ್ಲಿಸಿ, ಹಾನಿಗೊಂಡ ಭಾಗವನ್ನು ಅದೇ ತಿಂಗಳ 28ರಂದು ಸ್ಫೋಟಕ ಬಳಸಿ ಕೆಡವಲಾಯಿತು. ಬದಲಿ ಆಸರೆ ಒದಗಿಸುವುದು ಸೇತುವೆಯನ್ನು ಮುಚ್ಚಲು ಬೇಕಾದ ಸಮಯವನ್ನು ಮಾತ್ರ. ಹೆಚ್ಚುವರಿ ಹೊರೆ ಹೊತ್ತ ಉಳಿದ ಗರ್ಡರ್‌ಗಳಲ್ಲಿ ಮತ್ತೊಂದು ಹಾನಿಯನ್ನು ತಾಳುವ ಶಕ್ತಿ ಉಳಿದಿದೆಯೇ ಎಂಬುದನ್ನು ತಪಾಸಣೆ ಹಾಗೂ ಲೆಕ್ಕಾಚಾರದಿಂದಲೇ ತಿಳಿಯಬೇಕು, ಕಣ್ಣಳತೆಯಿಂದಲ್ಲ.

ನೆರೆಯ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆಯ ಮೇಲೆ, ಎಚ್ಚರಿಕೆಯ ಫಲಕವಿದ್ದರೂ ಜನ ಗುಂಪುಗೂಡಿದ್ದರು. 2025ರ ಜೂನ್ 15ರಂದು ಅದು ಕುಸಿದು ನಾಲ್ವರು ಮೃತಪಟ್ಟರು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿಕೊಂಡು ಹೋಗುವ ಟ್ರ್ಯಾಕ್ಟರ್ ಚಾಲಕರು ಸೇತುವೆಯ ಬಳಿಯ ಭಾರಮಿತಿ ಫಲಕವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹಾಸು ತಗ್ಗಿರುವುದು, ಗರ್ಡರ್ ಅಥವಾ ಬೆಸುಗೆಯ ಮೇಲೆ ತುಕ್ಕಿನ ಗೆರೆ ಇಳಿದಿರುವುದು, ವಾಹನ ಹಾಯುವಾಗ ಹಿಂದಿಲ್ಲದ ಸದ್ದು ಬರುವುದು, ನೀರಿನ ಕೊಳವೆ ಮಣ್ಣಿನಿಂದ ಮುಚ್ಚಿರುವುದು ಕಂಡುಬಂದಲ್ಲಿ, ರಸ್ತೆ ಸೇತುವೆಯಾದರೆ ಲೋಕೋಪಯೋಗಿ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ, ರೈಲ್ವೆ ಸೇತುವೆಯಾದರೆ ಸಮೀಪದ ನಿಲ್ದಾಣಾಧಿಕಾರಿಗೆ ಸ್ಥಳದ ವಿವರದೊಂದಿಗೆ ತಿಳಿಸಬಹುದಾಗಿದೆ.