ಎಸ್‌ಯುವಿಗೆ ಯಾವ ಟೈರ್? ಲುಕ್ ಅಲ್ಲ, ಮಳೆ ನೋಡಿ ಆರಿಸಿ

ಗಾಡಿ ತಗೊಂಡು ನಾಲ್ಕೈದು ವರ್ಷ ಆಯ್ತು ಅನ್ನುವಷ್ಟರಲ್ಲಿ ಸರ್ವಿಸ್ ಸೆಂಟರ್‌ನಿಂದ ಆ ಮಾತು ಬಂದೇ ಬರುತ್ತೆ: ‘ಸರ್, ಟೈರ್ ಸವೆದಿದೆ, ಚೇಂಜ್ ಮಾಡಿಸಿಬಿಡಿ.’ ಎಸ್‌ಯುವಿಯ ನಾಲ್ಕು ಟೈರ್ ಅಂದ್ರೆ ಸಣ್ಣ ಖರ್ಚಲ್ಲ. ಫ್ರೆಂಡ್ಸ್ ಗ್ರೂಪ್‌ನಲ್ಲಿ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ‘ಎಟಿ ಹಾಕ್ಸು ಮಗಾ, ಗಾಡಿ ಮಸ್ತ್ ಕಾಣುತ್ತೆ’ ಅಂತ ಒಬ್ಬರು. ‘ಆಲ್ ಸೀಸನ್ ತಗೊಳ್ಳಿ, ತಲೆನೋವೇ ಇಲ್ಲ’ ಅಂತ ಇನ್ನೊಬ್ಬರು. ಕೊನೆಗೆ ಅಂಗಡಿಯವರ ಬಳಿ ಯಾವುದಕ್ಕೆ ಆಫರ್ ಇದೆಯೋ ಅದೇ ಫಿಟ್ ಆಗುತ್ತೆ.

ಆದರೆ ಒಂದು ವಿಷಯ ಯೋಚಿಸಿ. ಸುಮಾರು ಎರಡು ಟನ್ ತೂಗುವ ಗಾಡಿ ರಸ್ತೆಯನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಜಾಗವೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಜುಲೈ ಮಳೆಯಲ್ಲಿ ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದು ನೀವು ಬ್ರೇಕ್ ಒತ್ತಿದಾಗ, ಎಬಿಎಸ್ ಕೆಲಸ ಮಾಡಬೇಕಾದರೂ ಈ ನಾಲ್ಕು ಅಂಗೈಗಳ ಹಿಡಿತವೇ ಬೇಕು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಮಗು ಇದ್ದಾರೆ ಅಂತಾದರೆ ಟೈರ್ ಆಯ್ಕೆಯನ್ನು ಆಫರ್‌ಗೆ ಬಿಡುವುದು ಬೇಡ.

‘ಆಲ್ ಸೀಸನ್’ ಅಂದ್ರೆ ಯಾರ ಸೀಸನ್?

ಈ ಪದ ಹುಟ್ಟಿದ್ದು ಹಿಮ ಬೀಳುವ ನಾಡಿನಲ್ಲಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದರೆ ಬೇಸಿಗೆ ಟೈರ್‌ನ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಅಲ್ಲಿ ಚಳಿಗಾಲಕ್ಕೆ ಬೇರೆ ಟೈರ್ ಸೆಟ್ ಇಟ್ಟುಕೊಳ್ಳುವವರಿದ್ದಾರೆ. ಎರಡು ಸೆಟ್‌ನ ರಗಳೆ ಬೇಡ ಅನ್ನುವವರಿಗೆ ನಡುವಿನ ದಾರಿ ಆಲ್ ಸೀಸನ್. ಟೈರ್ ಪಕ್ಕದಲ್ಲಿ ‘ಎಂ+ಎಸ್’ ಅಂತ ಇದ್ದರೆ ಕೆಸರು ಮತ್ತು ಹಿಮಕ್ಕೆ ಅಂತ ಅರ್ಥ. ಆದರೆ ಅದು ಟ್ರೆಡ್ ವಿನ್ಯಾಸ ನೋಡಿ ತಯಾರಕರೇ ಹಾಕುವ ಗುರುತು. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಕಂಡರೆ ಮಾತ್ರ ಆ ಟೈರ್ ಹಿಮದ ಮೇಲಿನ ಪರೀಕ್ಷೆ ಪಾಸಾಗಿದೆ ಎಂದು ತಿಳಿಯಬೇಕು.

ಶಿಕಾಗೊದಲ್ಲಿರುವ ಕಸಿನ್ ಈ ಚಿತ್ರ ಇರುವ ಟೈರನ್ನೇ ತಗೋ ಅಂದರೆ, ಅವರ ಊರಿಗೆ ಅದು ಸರಿಯಾದ ಸಲಹೆ. ನಮ್ಮ ಲೆಕ್ಕವೇ ಬೇರೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಲೆನಾಡಲ್ಲಿ ತಿಂಗಳುಗಟ್ಟಲೆ ಮಳೆ, ಬೆಂಗಳೂರಿನಲ್ಲಿ ವರ್ಷವಿಡೀ ಗುಂಡಿ. ಹಾಗಾಗಿ ಅಂಗಡಿಯವರು ‘ಆಲ್ ಸೀಸನ್’ ಅಂದ ಕೂಡಲೇ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಒದ್ದೆ ರಸ್ತೆಯಲ್ಲಿ ಇದರ ಬ್ರೇಕಿಂಗ್ ಹೇಗೆ?

ಎಚ್‌ಟಿ, ಎಟಿ, ಎಂಟಿ: ನಿಮಗೆ ಯಾವುದು?

ನಮ್ಮ ಮಾರ್ಕೆಟ್‌ನಲ್ಲಿ ಎಸ್‌ಯುವಿ ಟೈರ್‌ಗಳು ಮುಖ್ಯವಾಗಿ ಮೂರು ಬಗೆ. ಅಪೊಲೊ ಅಪ್ಟೆರಾ, ಜೆಕೆ ರೇಂಜರ್ ಥರದ ಸರಣಿಗಳಲ್ಲಿ ಒಂದೇ ಹೆಸರಿನಡಿ ಎಚ್‌ಟಿಯೂ ಎಟಿಯೂ ಸಿಗುತ್ತವೆ. ಹಾಗಾಗಿ ಬ್ರ್ಯಾಂಡ್ ಹೆಸರು ಹೇಳಿದರೆ ಸಾಲದು, ಬಗೆಯನ್ನೂ ಹೇಳಬೇಕು.

ಎಚ್‌ಟಿ, ಅಂದರೆ ಹೈವೇ ಟೆರೇನ್. ಟ್ರೆಡ್ ಬ್ಲಾಕ್‌ಗಳು ಒತ್ತೊತ್ತಾಗಿ ಇರುತ್ತವೆ. ಸದ್ದು ಕಡಿಮೆ, ಮೈಲೇಜ್ ಚೆನ್ನಾಗಿ ಬರುತ್ತೆ, ಒದ್ದೆ ಡಾಂಬರಿನ ಮೇಲೆ ಸಾಮಾನ್ಯವಾಗಿ ಎಟಿಗಿಂತ ಬೇಗ ನಿಲ್ಲುತ್ತೆ.

ಎಟಿ, ಅಂದರೆ ಆಲ್ ಟೆರೇನ್. ದೊಡ್ಡ ಬ್ಲಾಕ್, ಅಗಲವಾದ ಸಂದು, ಗಟ್ಟಿಮುಟ್ಟಾದ ಪಕ್ಕ. ಚೂಪು ಕಲ್ಲು, ಕೆಮ್ಮಣ್ಣಿನ ಎಸ್ಟೇಟ್ ರಸ್ತೆ, ಜಲ್ಲಿ ಹಾದಿಗೆ ಹೇಳಿ ಮಾಡಿಸಿದ್ದು. ಬದಲಿಗೆ ತೂಕ ಜಾಸ್ತಿ, ಹೈವೇಯಲ್ಲಿ ಗುಂಯ್ ಅನ್ನುವ ಸದ್ದು, ಮೈಲೇಜ್ ಸ್ವಲ್ಪ ಕಡಿಮೆ.

ಎಂಟಿ, ಅಂದರೆ ಮಡ್ ಟೆರೇನ್. ಕೆಸರಲ್ಲಿ ರಾಜ, ಒದ್ದೆ ಹೈವೇಯಲ್ಲಿ ದುರ್ಬಲ. ಆಫ್‌ರೋಡಿಂಗ್ ಹವ್ಯಾಸ ಇಲ್ಲದಿದ್ದರೆ ಅದರ ಮಾತೇ ಬೇಡ.

ಈಗ ನಿಮ್ಮ ಕಳೆದ ಒಂದು ವರ್ಷದ ಓಡಾಟ ನೆನಪಿಸಿಕೊಳ್ಳಿ. ವಾರದ ದಿನಗಳಲ್ಲಿ ಔಟರ್ ರಿಂಗ್ ರೋಡ್, ತಿಂಗಳಿಗೊಮ್ಮೆ ಊರು, ಎರಡು ತಿಂಗಳಿಗೊಮ್ಮೆ ಸಕಲೇಶಪುರದ ಹೋಮ್‌ಸ್ಟೇ. ಆ ಹೋಮ್‌ಸ್ಟೇಯ ಕೊನೆಯ ಎರಡು ಕಿಲೋಮೀಟರ್ ಕಚ್ಚಾ ರಸ್ತೆಗಾಗಿ ಎಟಿ ಹಾಕಿಸಿದರೆ, ಉಳಿದ ಸಾವಿರಾರು ಕಿಲೋಮೀಟರ್ ಡಾಂಬರಿನಲ್ಲಿ ಒದ್ದೆ ಹಿಡಿತ ಬಿಟ್ಟುಕೊಟ್ಟ ಹಾಗಾಯ್ತು. ಇಂಥವರಿಗೆ ಒಳ್ಳೆಯ ಎಚ್‌ಟಿ ಸಾಕು. ಮನೆ ಇರುವುದೇ ತೋಟದೊಳಗೆ, ದಿನಾ ಕಲ್ಲುಮಣ್ಣಿನ ದಾರಿ ಅನ್ನುವವರಿಗೆ ಎಟಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮಳೆಯಲ್ಲಿ ನಿಜಕ್ಕೂ ಏನಾಗುತ್ತೆ?

ಟೈರ್‌ನ ಗಾಡಿಗಳು ಡಿಸೈನ್‌ಗಲ್ಲ, ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ನೀರು ಹೆಚ್ಚಾಗಿ, ವೇಗವೂ ಹೆಚ್ಚಿ, ಗಾಡಿಗಳು ಸವೆದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಇದೇ ಹೈಡ್ರೊಪ್ಲೇನಿಂಗ್. ಆ ಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗಲ್ಲ, ಬ್ರೇಕ್ ಒತ್ತಿದರೂ ನಿಲ್ಲಲ್ಲ.

ಕಾನೂನಿನ ಪ್ರಕಾರ ಕಾರಿನ ಟೈರ್‌ನಲ್ಲಿ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಮುಖ್ಯ ಗಾಡಿಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಟೈರ್ ಆಯಸ್ಸು ಮುಗಿಯಿತು ಅಂತ. ಆದರೆ ಒದ್ದೆ ಹಿಡಿತ ಅದಕ್ಕಿಂತ ಬಹಳ ಮೊದಲೇ ಕುಸಿಯುತ್ತೆ. ಘಟ್ಟದಲ್ಲಿ ಓಡಾಡುವವರು 3 ಮಿ.ಮೀ.ಗೇ ಎಚ್ಚೆತ್ತುಕೊಳ್ಳುವುದು ಜಾಣತನ.

‘ನಮ್ಮದು ಫೋರ್ ವೀಲ್ ಡ್ರೈವ್, ಏನೂ ಆಗಲ್ಲ’ ಅನ್ನುವವರಿಗೂ ಒಂದು ಮಾತು. ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದಕ್ಕೆ ಎಳೆಯಲು ನೆರವಾಗುತ್ತೆ, ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇದೆ. ನಿಲ್ಲಿಸುವುದು ಟೈರ್.

ಪಕ್ಕದ ಬರಹ ಓದಿ

ಕ್ರೆಟಾದಂಥ ಗಾಡಿಯ ಟೈರ್ ಮೇಲೆ 215/60 ಆರ್17 96ಎಚ್ ಅಂತ ಇರುತ್ತೆ ಅಂದುಕೊಳ್ಳಿ. 215 ಅಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ. 60 ಅಂದರೆ ಅಗಲದ ಶೇ 60ರಷ್ಟು, ಅಂದರೆ 129 ಮಿ.ಮೀ., ಪಕ್ಕದ ಎತ್ತರ. 17 ಇಂಚು ರಿಮ್. 96 ಅಂದರೆ ಒಂದು ಟೈರ್ ಹೊರುವ ಭಾರ 710 ಕೆ.ಜಿ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ಸರಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಭಾರದ ಅಂಕಿ ಇರುವ ಟೈರ್ ಎಷ್ಟೇ ಅಗ್ಗವಾದರೂ ಬೇಡ. ಲುಕ್‌ಗಾಗಿ ದೊಡ್ಡ ಸೈಜ್ ಹಾಕಿಸಿ ಚಕ್ರದ ಒಟ್ಟು ಎತ್ತರ ಹೆಚ್ಚಾದರೆ, ಸ್ಪೀಡೋಮೀಟರ್ ತೋರಿಸುವುದಕ್ಕಿಂತ ನೀವು ಜೋರಾಗಿ ಹೋಗುತ್ತಿರುತ್ತೀರಿ.

ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ. 2324 ಅಂದರೆ 2024ರ 23ನೇ ವಾರ. ಹೊಸ ಟೈರ್ ಅಂತ ಕೊಟ್ಟಿದ್ದು ಗೋಡೌನ್‌ನಲ್ಲಿ ಎರಡು ವರ್ಷ ಮಲಗಿದ್ದಿರಬಹುದು. ಓಟ ಕಡಿಮೆ ಇದ್ದು ಟ್ರೆಡ್ ಚೆನ್ನಾಗಿದ್ದರೂ 5 ವರ್ಷ ದಾಟಿದ ಮೇಲೆ ಪ್ರತಿವರ್ಷ ಪರೀಕ್ಷೆ ಮಾಡಿಸಿ. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತೆ.

ಕೆಲವು ಟೈರ್‌ಗಳ ಮೇಲೆ ಸ್ಟಾರ್ ಲೇಬಲ್ ಇರುತ್ತೆ. ಫ್ರಿಜ್‌ನ ಸ್ಟಾರ್‌ನಂತೆಯೇ ಅದು ಮುಖ್ಯವಾಗಿ ಇಂಧನ ಉಳಿತಾಯದ ಮಾತು. ಐದು ಸ್ಟಾರ್ ಇದೆ ಅಂದ ಮಾತ್ರಕ್ಕೆ ಮಳೆ ಹಿಡಿತದಲ್ಲೂ ಅದೇ ಮೊದಲು ಅಂತ ಅಂದುಕೊಳ್ಳಬೇಡಿ.

ಪಿಕಪ್ ಇದ್ದವರಿಗೆ

ಹೈಲಕ್ಸ್, ವಿ-ಕ್ರಾಸ್ ಥರದ ಪಿಕಪ್‌ಗಳಲ್ಲಿ ಹಿಂದಿನ ತೊಟ್ಟಿ ಖಾಲಿ ಇದ್ದಾಗ ಹಿಂಬದಿ ಹಗುರ. ಒದ್ದೆ ತಿರುವಿನಲ್ಲಿ ಮೊದಲು ಜಾರುವುದು ಅದೇ. ಲೋಡ್ ಹಾಕಿದಾಗ ಮತ್ತು ಖಾಲಿ ಇದ್ದಾಗ ಗಾಳಿಯ ಒತ್ತಡ ಬೇರೆ ಬೇರೆ ಇರಬೇಕು. ಎರಡೂ ಅಂಕಿ ಚಾಲಕರ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುತ್ತೆ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿ ಅಂತಲ್ಲ.

ಬಿಲ್ ಮಾಡಿಸುವ ಮುನ್ನ

- ಎರಡೇ ಟೈರ್ ಬದಲಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರದ ಗಾಡಿಯಾದರೂ ಇದೇ ನಿಯಮ. ಹಿಂಬದಿ ಜಾರಿದರೆ ಗಾಡಿ ಹಿಡಿತಕ್ಕೆ ಸಿಗುವುದು ಬಹಳ ಕಷ್ಟ.
- ಆಲ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಒಂದೇ ಮಾಡೆಲ್, ಒಂದೇ ಸಲ.
- ಐಎಸ್‌ಐ ಗುರುತು, ತಯಾರಿಕೆಯ ವಾರ, ಭಾರದ ಅಂಕಿ ಮೂರನ್ನೂ ಫಿಟ್ ಮಾಡುವ ಮೊದಲೇ ಫೋನ್‌ನಲ್ಲಿ ಫೋಟೊ ತೆಗೆದುಕೊಳ್ಳಿ.
- ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅದೇ ದಿನ ಮಾಡಿಸಿ.
- ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ. ಹೊಸ ಟೈರ್‌ನ ಮೇಲ್ಮೈ ನುಣುಪು ಹೋಗಿ ಹಿಡಿತ ಕುದುರಲು ಸಮಯ ಬೇಕು.

ಇದನ್ನೆಲ್ಲ ಮಾಡಲು ಒಳ್ಳೆಯ ಸಮಯ ಮೇ ತಿಂಗಳು. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಟೈರ್ ರಸ್ತೆಗೆ ಒಗ್ಗಿರುತ್ತೆ.